ಎಲ್‌ಎ ಸೂಜಿ ಹಾಕಿಸಿ ಅವತ್ತೇ ಡೇರಿಗೆ ಹಾಲು ಹಾಕೋರಿಗೆ

ಹಸುಗೆ ಜ್ವರ ಬಂತು ಅಂದ್ರೆ ಈಗ ನಮ್ಮ ಮೊದಲ ಮಾತೇ "ಎಲ್‌ಎ ಹಾಕ್ಬಿಡಿ ಸಾರ್, ದಿನಾ ಬರೋ ರಗಳೆ ಇರಲ್ಲ". ಎಲ್‌ಎ ಅಂದ್ರೆ ಲಾಂಗ್ ಆ್ಯಕ್ಟಿಂಗ್. ಆಕ್ಸಿಟೆಟ್ರಾಸೈಕ್ಲಿನ್ ಸಾದಾದು ದಿನಕ್ಕೊಂದು ಸೂಜಿ. ಎಲ್‌ಎ ಆದ್ರೆ ಒಂದು ಎಂಎಲ್‌ಗೆ 200 ಮಿಲಿಗ್ರಾಂ ಔಷಧ. ಮಾಂಸದಲ್ಲಿ ಕೂತ್ಕೊಂಡು, ಡ್ರಿಪ್ಪಲ್ಲಿ ನೀರು ಬಿಟ್ಟಂಗೆ, ಸ್ವಲ್ಪ ಸ್ವಲ್ಪವೇ ಮೂರು ದಿನದವರೆಗೆ ರಕ್ತಕ್ಕೆ ಬಿಡುತ್ತೆ. ಔಷಧ ಒಳ್ಳೇದೇ.

ರಕ್ತಕ್ಕೆ ಬಿಟ್ಟಿದ್ದು ಕೆಚ್ಚಲಿಗೂ ಇಳಿಯುತ್ತೆ ಸ್ವಾಮಿ! ಸೂಜಿ ಹಾಕಿಸಿದ ಸಾಯಂಕಾಲವೇ ಕ್ಯಾನ್ ಹಿಡ್ಕೊಂಡು ಡೇರಿಗೆ ಓಡ್ತೀವಲ್ಲ, ಇದಕ್ಕೇನು ಹೇಳೋಣ? ಕಾಯಿಸಿದ್ರೆ ಹೋಗುತ್ತೆ ಅನ್ನೋದು ಸುಳ್ಳು. ಮೊಸರು ಹೆಪ್ಪಾಗ್ಲಿಲ್ಲ ಅಂತ ಮನೆ ಹೆಂಗಸರನ್ನ ಬೈಯೋ ಮುಂಚೆ ಇದನ್ನ ನೆನೆಸ್ಕೊಳ್ಳಿ. ನಾನೂ ಬೈದವನೇ.

ಏಳು ದಿನ ಹಾಲು ಬಳಸಬೇಡಿ ಅಂತ ಬರೆದಿರೋ ಬಾಟ್ಲಿಗಳಿವೆ. ಕರೆಯೋ ಹಸುಗೆ ಹಾಕಲೇಬೇಡಿ ಅಂತ ಬರೆದಿರೋವೂ ಇವೆ. "ಏಳು ದಿನದ ಹಾಲು ಚೆಲ್ಲಕ್ಕಾಗುತ್ತಾ" ಅಂತೀರಿ. 10 ಲೀಟರ್ ಕೊಡೋ ಹಸು ಅಂದ್ರೆ 70 ಲೀಟರ್, ಹೊಟ್ಟೆ ಉರಿಯುತ್ತೆ, ನಿಜ. ಅದಕ್ಕೇ ಸೂಜಿ ಚುಚ್ಚೋ ಮುಂಚೆ ಬಾಯಿ ಬಿಟ್ಟು ಕೇಳಿ: ಈ ಹಸುಗೆ ಎಲ್‌ಎ ಬೇಕೇ ಬೇಕಾ, ಬೇರೆ ಔಷಧ ಇದೆಯಾ, ಎಷ್ಟು ದಿನ ಹಾಲು ಹಾಕ್ಬಾರ್ದು? ಸೂಜಿ ಹಾಕೋರು ತಾವಾಗೇ ಹೇಳಲ್ಲ, ನಾವು ಕೇಳಲ್ಲ. ಮಾರನೇ ದಿನ ಜ್ವರ ಇಳೀಲಿಲ್ಲ ಅಂತ ಅಂಗಡಿಯಿಂದ ತಂದು ನಾವೇ ಇನ್ನೊಂದು ಎಲ್‌ಎ ಚುಚ್ಚೋದಂತೂ ಶುದ್ಧ ತಲೆಹರಟೆ. ಮೊದಲನೇದೇ ಇನ್ನೂ ಒಳಗಿರುತ್ತಲ್ರೀ!

ನಾನೀಗ ಸೂಜಿ ಹಾಕಿಸಿದ ತಾರೀಖನ್ನ ಕೊಟ್ಟಿಗೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡ್ತೀನಿ. ದಿನ ತುಂಬೋವರೆಗೂ ಆ ಹಸುವಿನ ಹಾಲು ಕ್ಯಾನಿಗೂ ಹೋಗಲ್ಲ, ಮೊಮ್ಮಗನ ಲೋಟಕ್ಕೂ ಹೋಗಲ್ಲ.