ಇಬ್ಬರೂ ಬರೆದರು, ಉಳಿದದ್ದು ಒಬ್ಬರದು

ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಅಮ್ಮ, ಅಕ್ಕ ಇದ್ದಾರೆ, ನಾನು ಬೆಂಗಳೂರಲ್ಲಿ. ಅಮ್ಮನ ಮಾತ್ರೆಗಳ ಪಟ್ಟಿ ಮೂವರ ಫೋನಲ್ಲೂ ಇದೆ. ಒಂದು ನೋಟ್ಸ್ ಆ್ಯಪ್‌ನಲ್ಲಿ ಹಂಚಿಕೊಂಡ ಪಟ್ಟಿ, ಯಾರು ಬೇಕಾದರೂ ತಿದ್ದಬಹುದು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತೆ: ಮಾತ್ರೆ ಪಟ್ಟಿ, ಮನೆ ಖರ್ಚಿನ ಲೆಕ್ಕ, ಮದುವೆಗೆ ಕರೆಯೋರ ಲಿಸ್ಟು.

ಹೋದ ತಿಂಗಳು ಅಮ್ಮನಿಗೆ ತಲೆಸುತ್ತು ಬರ್ತಿದೆ ಅಂತ ಅಕ್ಕ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿದ್ದಳು. ಅವರು ಬಿ.ಪಿ. ಮಾತ್ರೆಯನ್ನು ಒಂದರಿಂದ ಅರ್ಧಕ್ಕೆ ಇಳಿಸಿದರು. ಅಕ್ಕ ಅಲ್ಲೇ ಕೂತು ಪಟ್ಟಿ ತಿದ್ದಿದಳು. ಒಳಗೆ ನೆಟ್‌ವರ್ಕ್ ಇರಲಿಲ್ಲ, ತಿದ್ದಿದ್ದು ಅವಳ ಫೋನಲ್ಲೇ ಕೂತಿತು. ಒಂದು ಗಂಟೆ ಬಿಟ್ಟು ನಾನು ಇಲ್ಲಿಂದ ಅದೇ ಪಟ್ಟಿಗೆ 'ರಾತ್ರಿ ಕ್ಯಾಲ್ಸಿಯಂ ಒಂದು' ಅಂತ ಸಾಲು ಸೇರಿಸಿದೆ. ಸಂಜೆ ಹೊತ್ತಿಗೆ ಮೂರೂ ಫೋನಲ್ಲಿ ಪಟ್ಟಿ ಒಂದೇ ಥರ ಇತ್ತು. ಕ್ಯಾಲ್ಸಿಯಂ ಇತ್ತು. ಬಿ.ಪಿ. ಮಾತ್ರೆ ಮುಂದೆ ಮಾತ್ರ ಮತ್ತೆ 'ಒಂದು' ಅಂತ ಬಂದಿತ್ತು.

ಹಿಡಿದದ್ದು ಅಮ್ಮ. "ಡಾಕ್ಟ್ರು ಅರ್ಧ ಅಂದಿದ್ರಲ್ಲೇ, ಇದ್ರಲ್ಲಿ ಒಂದು ಅಂತಿದೆಯಲ್ಲ?" ಅಂತ ಅಕ್ಕನನ್ನು ಕೇಳಿದರು. ಅಮ್ಮನ ನೆನಪು ಗಟ್ಟಿ ಇದ್ದಿದ್ದಕ್ಕೆ ಸರಿಹೋಯಿತು. ಪಟ್ಟಿಯನ್ನೇ ನಂಬಿ ಮಾತ್ರೆ ಕೊಡೋ ಮನೆಗಳಲ್ಲಿ?

ಅಕ್ಕ ಸರಿಯಾಗಿಯೇ ಬರೆದಿದ್ದಳು, ನಾನೂ ಸರಿಯಾಗಿಯೇ ಬರೆದಿದ್ದೆ. ಆ್ಯಪ್ ಎರಡನ್ನೂ ನೋಡಿ, ಯಾರ ಸಮಯ ಆಮೇಲಿನದೋ ಆ ಪಟ್ಟಿಯನ್ನು ಇಡಿಯಾಗಿ ಇಟ್ಟುಕೊಂಡು ಇನ್ನೊಂದನ್ನು ಸದ್ದಿಲ್ಲದೆ ಬಿಸಾಕಿತು. ಕಂಪ್ಯೂಟರ್‌ನವರು ಇದಕ್ಕೆ 'ಲಾಸ್ಟ್ ರೈಟ್ ವಿನ್ಸ್' ಅಂತಾರೆ, ಕೊನೆಗೆ ಬರೆದವನೇ ಗೆದ್ದ ಅಂತ. ಈ ವಾರ ಅದರ ಬಗ್ಗೆಯೇ ಮಾತಾಡೋಣ.

ಒಂದೇ ಪ್ರತಿ ಇಟ್ಟರೆ ಆಗದಾ?

ಮೊದಲು ಇದನ್ನೇ ಕೇಳಬೇಕು. ಒಂದೇ ಕಡೆ ಒಂದೇ ಪ್ರತಿ ಇದ್ದರೆ ಜಗಳವೇ ಇಲ್ಲ. ಆದರೆ ಆ ಒಂದು ಯಂತ್ರ ಕೆಟ್ಟರೆ, ಅಲ್ಲಿಗೆ ಹೋಗೋ ದಾರಿ ಮುಚ್ಚಿದರೆ, ಎಲ್ಲರಿಗೂ ಕೆಲಸ ಬಂದ್. ಅದಕ್ಕೇ ದೊಡ್ಡ ವ್ಯವಸ್ಥೆಗಳು ಒಂದೇ ಮಾಹಿತಿಯನ್ನು ಎರಡು ಮೂರು ಯಂತ್ರಗಳಲ್ಲಿ ಇಡುತ್ತವೆ.

ನಮ್ಮೂರಿನವರಿಗೆ ಇದು ಬೇಗ ಅರ್ಥ ಆಗುತ್ತೆ. ಭದ್ರಾ ನದಿಯ ಈಚೆ ಓಲ್ಡ್ ಟೌನ್, ಆಚೆ ನ್ಯೂ ಟೌನ್. ಮಳೆಗಾಲದಲ್ಲಿ ಡ್ಯಾಮಿಂದ ಜಾಸ್ತಿ ನೀರು ಬಿಟ್ಟರೆ ಹೊಸ ಸೇತುವೆ ಮೇಲೆ ನೀರು ಬಂದು ಓಡಾಟ ನಿಲ್ಲುತ್ತೆ. ಎರಡೂ ಕಡೆ ಅಂಗಡಿ ಇರೋ ಒಬ್ಬ ವ್ಯಾಪಾರಿ ಇದ್ದಾನೆ, ಆಚೆಗೆ ಹೋಗೋ ದಾರಿ, ಫೋನು ಎಲ್ಲ ಬಂದ್ ಆಗಿದೆ ಅಂದ್ಕೊಳ್ಳಿ. ಅವನಿಗೆ ಎರಡೇ ದಾರಿ. ಲೆಕ್ಕ ತಾಳೆ ಆಗೋ ತನಕ ಒಂದು ಅಂಗಡಿ ಬಾಗಿಲು ಹಾಕೋದು, ಇಲ್ಲಾ ಎರಡೂ ಕಡೆ ವ್ಯಾಪಾರ ಮಾಡಿ ನೀರು ಇಳಿದ ಮೇಲೆ ಪುಸ್ತಕ ಕೂಡಿಸೋದು. ವಿಜ್ಞಾನಿ ಎರಿಕ್ ಬ್ರೂವರ್ 2000ದಲ್ಲಿ ಹೇಳಿದ್ದು ಹೆಚ್ಚುಕಮ್ಮಿ ಇದನ್ನೇ: ಸಂಪರ್ಕ ಕಡಿದಾಗ ಬಾಗಿಲು ತೆರೆದಿಡೋದು, ಲೆಕ್ಕ ಸದಾ ಒಂದೇ ಇರೋದು, ಎರಡೂ ಒಟ್ಟಿಗೆ ಸಿಗಲ್ಲ. 2002ರಲ್ಲಿ ಸೇಥ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ ಅದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದರು.

ನಾವು ಬಳಸೋ ಬಹಳಷ್ಟು ಆ್ಯಪ್‌ಗಳು ಬಾಗಿಲು ತೆರೆದಿಡೋ ದಾರಿ ಹಿಡಿದಿವೆ. ಅಂದಮೇಲೆ ಪುಸ್ತಕ ಕೂಡಿಸೋದು ಹೇಗೆ ಅನ್ನೋದೇ ಮುಖ್ಯ.

ಗಡಿಯಾರ ಸಾಕ್ಷಿ ಹೇಳಲ್ಲ

ಯಾರು ಮೊದಲು, ಯಾರು ಆಮೇಲೆ ಅಂತ ಗಡಿಯಾರ ನೋಡಿದರೆ ಆಯ್ತಲ್ಲ ಅನಿಸಬಹುದು. ಎರಡು ತೊಂದರೆ. ಒಂದು, ಎರಡು ಯಂತ್ರಗಳ ಗಡಿಯಾರ ಪೂರ್ತಿ ಒಂದೇ ಇರಲ್ಲ. ಒಂದು ಸ್ವಲ್ಪ ಮುಂದೆ, ಇನ್ನೊಂದು ಸ್ವಲ್ಪ ಹಿಂದೆ. ಎರಡನೇದು ಇನ್ನೂ ದೊಡ್ಡದು. ಗಡಿಯಾರ ಸರಿ ಇದ್ದರೂ ಅದು ಹೇಳೋದು ಸಮಯ ಮಾತ್ರ. ಬರೆಯೋವಾಗ ನಾನು ಅಕ್ಕ ಬರೆದದ್ದನ್ನು ನೋಡಿದ್ದೆನಾ ಅನ್ನೋದನ್ನು ಅದು ಹೇಳಲ್ಲ.

1978ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅನ್ನೋ ವಿಜ್ಞಾನಿ ಒಂದು ಪ್ರಬಂಧ ಬರೆದರು. ಹಲವು ಯಂತ್ರಗಳಿರೋ ಕಡೆ ಗಡಿಯಾರದ ಹಿಂದುಮುಂದು ಮುಖ್ಯ ಅಲ್ಲ, ಒಂದು ಘಟನೆಯ ಸುದ್ದಿ ಇನ್ನೊಂದಕ್ಕೆ ತಲುಪಿರಲು ಸಾಧ್ಯವಿತ್ತಾ ಅನ್ನೋದು ಮುಖ್ಯ ಅಂದರು. ತಲುಪಿದ್ದರೆ ಅದು ಮೊದಲು, ಇದು ಆಮೇಲೆ. ಎರಡೂ ಕಡೆಯಿಂದ ತಲುಪದೇ ಇದ್ದರೆ ಅವು ಕನ್‌ಕರೆಂಟ್. ಕನ್‌ಕರೆಂಟ್ ಅಂದರೆ ಒಂದೇ ಕ್ಷಣದಲ್ಲಿ ಆಗಬೇಕು ಅಂತೇನಿಲ್ಲ. ಅಕ್ಕ ಬರೆದು ಒಂದು ಗಂಟೆ ಆದಮೇಲೆ ನಾನು ಬರೆದೆ, ಆದರೂ ನಮ್ಮ ತಿದ್ದುಪಡಿಗಳು ಕನ್‌ಕರೆಂಟ್. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೇ. ಹಂಚಿಹೋದ ವ್ಯವಸ್ಥೆಗಳ ಮೇಲಿನ ಕೆಲಸಕ್ಕೆ ಲ್ಯಾಂಪೋರ್ಟ್‌ಗೆ 2013ರ ಟ್ಯೂರಿಂಗ್ ಪ್ರಶಸ್ತಿ ಬಂತು.

ಗೊತ್ತಿತ್ತಾ ಇಲ್ಲವಾ, ಲೆಕ್ಕ ಇಡೋದು ಹೀಗೆ

ಈ 'ಗೊತ್ತಿತ್ತಾ' ಅನ್ನೋದನ್ನು ಯಂತ್ರ ಲೆಕ್ಕ ಇಡೋ ಉಪಾಯವನ್ನು 1983ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ಪಾರ್ಕರ್ ಮತ್ತು ಸಂಗಡಿಗರು ಪ್ರಕಟಿಸಿದರು. ಹೆಸರು ವರ್ಷನ್ ವೆಕ್ಟರ್. 1988ರಲ್ಲಿ ಕಾಲಿನ್ ಫಿಜ್, ಫ್ರೀಡೆಮನ್ ಮ್ಯಾಟರ್ನ್ ಬೇರೆ ಬೇರೆಯಾಗಿಯೇ ಇದರ ಸೋದರನಂಥ ವೆಕ್ಟರ್ ಕ್ಲಾಕ್ ಕೊಟ್ಟರು. ಹೆಸರು ಕೇಳಿ ಹೆದರಬೇಡಿ, ಮನೆ ಲೆಕ್ಕದಷ್ಟೇ ಸುಲಭ.

ಪಟ್ಟಿಯ ಜೊತೆ ಒಂದು ಚೀಟಿ ಇರುತ್ತೆ. ಯಾರು ಎಷ್ಟು ಸಲ ತಿದ್ದಿದ್ದಾರೆ ಅಂತ ಅದರಲ್ಲಿ ಬರೆದಿರುತ್ತೆ. ಅವತ್ತು ಬೆಳಿಗ್ಗೆ ಚೀಟಿ ಹೀಗಿತ್ತು ಅಂತಿಟ್ಟುಕೊಳ್ಳಿ: ಅಕ್ಕ 3, ನಾನು 2. ಕ್ಲಿನಿಕ್‌ನಲ್ಲಿ ಅಕ್ಕ ತಿದ್ದಿದಳು, ಅವಳ ಚೀಟಿ: ಅಕ್ಕ 4, ನಾನು 2. ಅದನ್ನು ನೋಡದೆ ನಾನು ತಿದ್ದಿದೆ, ನನ್ನ ಚೀಟಿ: ಅಕ್ಕ 3, ನಾನು 3.

ಈಗ ಎರಡು ಚೀಟಿ ಪಕ್ಕ ಪಕ್ಕ ಇಡಿ. ಅಕ್ಕನ ಲೆಕ್ಕದಲ್ಲಿ ಅವಳ ಚೀಟಿ ಮುಂದೆ, ನನ್ನ ಲೆಕ್ಕದಲ್ಲಿ ನನ್ನ ಚೀಟಿ ಮುಂದೆ. ಯಾವುದೂ ಎಲ್ಲ ಸಂಖ್ಯೆಯಲ್ಲೂ ಇನ್ನೊಂದಕ್ಕೆ ಸಮ ಅಥವಾ ಮೇಲೆ ಇಲ್ಲ. ಅಂದರೆ ಒಬ್ಬರದು ಒಬ್ಬರಿಗೆ ಗೊತ್ತಿರಲಿಲ್ಲ. ಎರಡನ್ನೂ ಉಳಿಸು, ಮನುಷ್ಯರನ್ನು ಕೇಳು.

ಅಕ್ಕನದನ್ನು ನೋಡಿ ನಾನು ಬರೆದಿದ್ದರೆ ನನ್ನ ಚೀಟಿ 'ಅಕ್ಕ 4, ನಾನು 3' ಆಗ್ತಿತ್ತು. ಅದು ಅಕ್ಕನ ಚೀಟಿಗಿಂತ ಎಲ್ಲೂ ಕಡಿಮೆ ಇಲ್ಲ, ಒಂದು ಕಡೆ ಹೆಚ್ಚಿದೆ. ಆಗ ಹಳೆಯದನ್ನು ಧೈರ್ಯವಾಗಿ ಎಸೆಯಬಹುದು. ಜಗಳ ಬಿದ್ದಾಗ ಅಕ್ಕ ಎರಡೂ ಪಟ್ಟಿ ನೋಡಿ ಕೂಡಿಸಿದಳು ಅನ್ನಿ. ಹೊಸ ಚೀಟಿ 'ಅಕ್ಕ 5, ನಾನು 3'. ಹಿಂದಿನ ಎರಡನ್ನೂ ಅದು ಮೀರಿದೆ, ಕಥೆ ಮುಗೀತು.

ಇಷ್ಟರಲ್ಲಿ ಗಡಿಯಾರದ ಮಾತೇ ಬರಲಿಲ್ಲ ನೋಡಿ.

ಅಂಗಡಿ ಬುಟ್ಟಿಯ ಕಥೆ

ಈ ಉಪಾಯ ಹೆಸರು ಮಾಡಿದ್ದು ಅಮೆಜಾನ್‌ನಿಂದ. ತಮ್ಮ ಡೈನಮೋ ಅನ್ನೋ ವ್ಯವಸ್ಥೆಯ ಬಗ್ಗೆ ಅವರು 2007ರಲ್ಲಿ ಪ್ರಬಂಧ ಪ್ರಕಟಿಸಿದರು. ಗಿರಾಕಿ ಬುಟ್ಟಿಗೆ ಹಾಕಿದ ವಸ್ತು ಯಾವ ಕಾರಣಕ್ಕೂ ಕಳೀಬಾರದು ಅನ್ನೋದು ಅವರ ಹಟ. ಎರಡು ಬುಟ್ಟಿ ಬೇರೆ ಬೇರೆ ಆಗಿ ಕಂಡರೆ ಎರಡನ್ನೂ ಸೇರಿಸಿಬಿಡೋರು. ಇದಕ್ಕೊಂದು ಬೆಲೆ ಇತ್ತು: ತೆಗೆದುಹಾಕಿದ ವಸ್ತು ಕೆಲವೊಮ್ಮೆ ಬುಟ್ಟಿಯಲ್ಲಿ ಮತ್ತೆ ಪ್ರತ್ಯಕ್ಷ ಆಗ್ತಿತ್ತು. ವ್ಯಾಪಾರಿಗೆ ಅದು ಪರವಾಗಿಲ್ಲ. ಆದರೆ ಡಾಕ್ಟರು ನಿಲ್ಲಿಸಿದ ಮಾತ್ರೆ ಪಟ್ಟಿಯಲ್ಲಿ ಮತ್ತೆ ಎದ್ದು ಬಂದರೆ? ಕೂಡಿಸೋ ನಿಯಮ ವಸ್ತುವಿನಿಂದ ವಸ್ತುವಿಗೆ ಬೇರೆ ಅನ್ನೋದು ಇದಕ್ಕೇ.

ಅದೇ ಪ್ರಬಂಧದಲ್ಲಿ ಒಂದು ಅಂಕಿ ಇದೆ. 24 ಗಂಟೆ ಅಳತೆ ಮಾಡಿ ನೋಡಿದಾಗ 99.94% ಕೋರಿಕೆಗಳಿಗೆ ಸಿಕ್ಕಿದ್ದು ಒಂದೇ ಆವೃತ್ತಿ. ಉಳಿದ ಚಿಕ್ಕ ಪಾಲು ಸಣ್ಣದೇ, ಆದರೆ ಆ ಪಾಲಿನಲ್ಲಿ ಯಾರ ಮನೆ ಪಟ್ಟಿ ಇರುತ್ತೋ ಅವರಿಗೆ ಅದು ನೂರಕ್ಕೆ ನೂರು.

ಡೈನಮೋ ಪ್ರಬಂಧ ಬರೆದವರಲ್ಲಿ ಒಬ್ಬರಾದ ಅವಿನಾಶ್ ಲಕ್ಷ್ಮಣ್ ಆಮೇಲೆ ಫೇಸ್‌ಬುಕ್‌ನಲ್ಲಿ ಪ್ರಶಾಂತ್ ಮಲಿಕ್ ಜೊತೆ ಕಸ್ಸಾಂಡ್ರ ಕಟ್ಟಿದರು. ಅಲ್ಲಿ ವೆಕ್ಟರ್ ಬಿಟ್ಟು ಟೈಮ್‌ಸ್ಟ್ಯಾಂಪ್ ಹಿಡಿದರು. ಆದರೆ ಸಮಯದ ಮುದ್ರೆ ಬೀಳೋದು ಒಂದೊಂದು ಖಾನೆಗೆ. ಹಾಗಾಗಿ ಅಕ್ಕ ತಿದ್ದಿದ ಖಾನೆ, ನಾನು ಸೇರಿಸಿದ ಖಾನೆ ಬೇರೆ ಬೇರೆ ಆಗಿದ್ದರೆ ಎರಡೂ ಉಳೀತವೆ. ನಮ್ಮ ನೋಟ್ಸ್ ಆ್ಯಪ್ ಇಡೀ ಪಟ್ಟಿಯನ್ನು ಒಂದೇ ಕಾಗದದಂತೆ ನೋಡಿದ್ದೇ ಎಡವಟ್ಟು.

ಇನ್ನೊಂದು ಸೂಕ್ಷ್ಮ ಇದೆ, ಈ ಕೆಲಸದಲ್ಲಿರೋ ಓದುಗರಿಗಾಗಿ. ಗಿರಾಕಿಗಳು ಲಕ್ಷಗಟ್ಟಲೆ ಇದ್ದಾಗ ಪ್ರತಿಯೊಬ್ಬರಿಗೂ ಚೀಟಿಯಲ್ಲಿ ಜಾಗ ಕೊಡೋಕೆ ಆಗಲ್ಲ, ಸರ್ವರ್‌ಗೊಂದು ಜಾಗ ಅಂತ ಮಾಡ್ತಾರೆ. ನಾನೂ ಅಕ್ಕನೂ ಸರ್ವರ್ 5 ಅಂತ ಇದ್ದಾಗ ಓದಿದೆವು ಅಂದುಕೊಳ್ಳಿ. ಅಕ್ಕ ಬರೆದಾಗ ಅದು 6 ಆಯ್ತು, ನಾನು ಬರೆದಾಗ 7. ಬರೀ ಸಂಖ್ಯೆ ನೋಡಿದರೆ 7, 6ಕ್ಕಿಂತ ಮುಂದೆ. ಅಕ್ಕನದನ್ನು ನೋಡಿಯೇ ನಾನು ಬರೆದೆ ಅಂತ ಯಂತ್ರ ತಪ್ಪು ತಿಳಿಯುತ್ತೆ. 2010ರ ಹೊತ್ತಿಗೆ ಪೋರ್ಚುಗಲ್‌ನ ಸಂಶೋಧಕರು ಇದಕ್ಕೊಂದು ಚುಕ್ಕೆ ಸೇರಿಸಿದರು, ಡಾಟೆಡ್ ವರ್ಷನ್ ವೆಕ್ಟರ್. ಚೀಟಿ ಈಗ ಹೀಗೆ ಹೇಳುತ್ತೆ: 'ನಾನು 5ರ ತನಕ ನೋಡಿದ್ದೇನೆ, ನನ್ನ ಬರವಣಿಗೆ 7ನೇದು.' ಮಧ್ಯದ 6 ನೋಡಿಲ್ಲ ಅಂತ ಅಲ್ಲೇ ಸಿಕ್ಕಿಬೀಳುತ್ತೆ. ರಿಯಾಕ್ ಅನ್ನೋ ಡೇಟಾಬೇಸ್ ತನ್ನ 2.0 ಆವೃತ್ತಿಯಲ್ಲಿ ಇದನ್ನು ಅಳವಡಿಸಿಕೊಂಡಿತು.

ಪಹಣಿ ಹಿಡಿದ ಇನ್ನೊಂದು ದಾರಿ

ಎಲ್ಲ ಕಡೆ ಎರಡೂ ಉಳಿಸು ಅನ್ನೋಕಾಗಲ್ಲ. ಜಮೀನಿಗೆ ಇಬ್ಬರು ಮಾಲೀಕರ ಹೆಸರಿರೋ ಎರಡು ಪಹಣಿ ಇದ್ದರೆ ಕೋರ್ಟೇ ಗತಿ. ಹಿಂದೆ ಪಹಣಿ ಇರ್ತಿದ್ದದ್ದು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿ. 2000ದ ಸುಮಾರಿಗೆ ಬಂದ 'ಭೂಮಿ' ಯೋಜನೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಏರಿಸಿತು. ಆಮೇಲೆ ಸರ್ಕಾರ ಕೈಬರಹದ ಪಹಣಿಗೆ ಮಾನ್ಯತೆಯನ್ನೇ ತೆಗೆಯಿತು. ಕಾನೂನಿನ ಕಣ್ಣಿಗೆ ಒಂದೇ ಪ್ರತಿ. ಮ್ಯುಟೇಶನ್ ಅರ್ಜಿಗಳನ್ನು ಬಂದ ಸಾಲಿನಲ್ಲೇ ತೆಗೆದುಕೊಳ್ಳೋದು, ಮಧ್ಯೆ ತಕರಾರು ಹೇಳೋರಿಗೆ ದಿನ ಕೊಡೋದು. ಬೆಲೆಯೂ ಇದೆ: ಸರ್ವರ್ ಇಲ್ಲ ಅಂದ ದಿನ ಕ್ಯೂನಲ್ಲಿ ನಿಂತವರು ವಾಪಸ್ ಹೋಗಬೇಕು. ಜಮೀನಿನ ವಿಷಯದಲ್ಲಿ ಕಾಯೋದು ವಾಸಿ, ತಪ್ಪು ಹೆಸರು ಬರೋದು ಬೇಡ. ಅಂಗಡಿ ಬುಟ್ಟಿಯಲ್ಲಿ ಇದರ ಉಲ್ಟಾ.

ಆಪ್ತರ ಪಟ್ಟಿಗಳಿಗೆ ನಾನು ಈಗ ಪಾಲಿಸೋದು ಇಷ್ಟು. ಮಾತ್ರೆ, ದುಡ್ಡಿನಂಥ ವಿಷಯದಲ್ಲಿ ಹಳೆ ಸಾಲನ್ನು ಅಳಿಸಿ ತಿದ್ದೋದಿಲ್ಲ. ತಾರೀಖು, ಹೆಸರು ಹಾಕಿ ಕೆಳಗೆ ಹೊಸ ಸಾಲು ಬರೀತೀವಿ. ಹಿಂದಿನ ಆವೃತ್ತಿ ತೋರಿಸೋ ಆ್ಯಪ್ ಮಾತ್ರ ಬಳಸ್ತೀವಿ. ಡಾಕ್ಟರ ಚೀಟಿಯ ಫೋಟೋ ಜೊತೆಗೇ ಇರುತ್ತೆ, ಅನುಮಾನ ಬಂದರೆ ಆ ಚೀಟಿಯೇ ಕೊನೆ ಮಾತು.

ಹೊಸ ಆ್ಯಪ್ ತಗೊಳ್ಳೋ ಮುಂಚೆ ನೀವೇ ಒಂದು ಪರೀಕ್ಷೆ ಮಾಡಬಹುದು. ಎರಡು ಫೋನ್ ತಗೊಳ್ಳಿ, ಎರಡನ್ನೂ ಏರೋಪ್ಲೇನ್ ಮೋಡ್‌ಗೆ ಹಾಕಿ, ಒಂದೇ ಪಟ್ಟಿಯನ್ನು ಎರಡರಲ್ಲೂ ಬೇರೆ ಬೇರೆ ಥರ ತಿದ್ದಿ, ಆಮೇಲೆ ನೆಟ್ ಆನ್ ಮಾಡಿ. ಎರಡೂ ತಿದ್ದುಪಡಿ ಉಳಿದರೆ, ಇಲ್ಲಾ 'ಯಾವುದು ಇಡಲಿ?' ಅಂತ ಕೇಳಿದರೆ ಆ ಆ್ಯಪ್‌ಗೆ ಮನೆಯ ಲೆಕ್ಕ ಒಪ್ಪಿಸಬಹುದು. ಒಂದು ಮಾಯವಾಗಿ ಯಾವ ಸೂಚನೆಯೂ ಬರದಿದ್ದರೆ ಅದರಲ್ಲಿ ತರಕಾರಿ ಪಟ್ಟಿ ಬರೆಯಿರಿ, ಅದಕ್ಕಿಂತ ಮುಖ್ಯವಾದದ್ದು ಬೇಡ. ಐದು ನಿಮಿಷದ ಕೆಲಸ. ಮಾಡಿ ನೋಡಿ, ನಿಮ್ಮ ಆ್ಯಪ್ ಏನು ಮಾಡಿತು ಅಂತ ಬರೆದು ತಿಳಿಸಿ.