ಹಿತ್ತಲಿಗೂ ಮರಗಸಿ ಬೇಕು



ಯುಗಾದಿಯ ಹೊತ್ತಿಗೆ ನಮ್ಮಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಕಾಫಿ ಕಣದ ಕೆಲಸ ಮುಗಿಸಿ ಹೂಮಳೆಯ ದಾರಿ ಕಾಯುವ ಸಮಯವದು. ಮಳೆ ಕೈಕೊಟ್ಟರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹೂಡಬೇಕು, ಅಡಿಕೆಗೆ ನೀರು ಬಿಡಬೇಕು. ಇದರ ನಡುವೆ ಹಿತ್ತಲಿನ ಮಾತೆತ್ತಿದರೆ ‘ಅದು ಹೆಂಗಸರ ಕೆಲಸ’ ಎಂದು ನಗುವವರೇ ಹೆಚ್ಚು. ನಾನೂ ಹಾಗೆ ನಕ್ಕವನೇ. ಆ ನಗೆಗೆ ತೆತ್ತ ಬೆಲೆಯನ್ನು ಹೇಳಿಕೊಳ್ಳಲು ಈ ನಾಲ್ಕು ಮಾತು.

ನಮ್ಮ ಮನೆಯ ಹಿಂದೆ, ಬಾವಿಕಟ್ಟೆಯಿಂದ ಬೇಲಿಯವರೆಗೆ ಮೂರು ಗುಂಟೆ ಹಿತ್ತಲು. ಅಮ್ಮನ ಬಸಳೆ ಚಪ್ಪರ, ತೊಂಡೆ ಬಳ್ಳಿ, ಹರಿವೆ ಮಡಿ, ಮಳೆಗಾಲಕ್ಕೆ ಡೇರೆ ಹೂವು ಎಲ್ಲ ಅಲ್ಲಿಯೇ. 2008ರಲ್ಲಿ ತೋಟಕ್ಕೆ ನೆಟ್ಟು 24 ಅಡಿಕೆ ಸಸಿ ಮಿಕ್ಕವು. ಎಸೆಯಲು ಮನಸ್ಸಾಗದೆ ಆರಾರರಂತೆ ನಾಲ್ಕು ಸಾಲು ಮಾಡಿ ಹಿತ್ತಲಲ್ಲಿ ನೆಟ್ಟೆ. ಅಮ್ಮನನ್ನಾಗಲಿ ಮನೆಯವರನ್ನಾಗಲಿ ಕೇಳಲಿಲ್ಲ. ಜಾಗ ಖಾಲಿ ಇದೆ ಎಂಬುದು ನನ್ನ ಲೆಕ್ಕ.

ಮೊದಲ ಮೂರು ನಾಲ್ಕು ವರ್ಷ ತೊಂದರೆ ಕಾಣಲಿಲ್ಲ. ಸಸಿಗೆ ಹಾಕಿದ ಗೊಬ್ಬರ, ನೀರು ತರಕಾರಿಗೂ ಸಿಕ್ಕಿ ಹಿತ್ತಲು ಮೊದಲಿಗಿಂತ ಸೊಂಪಾಗಿಯೇ ಇತ್ತು. ಏಳನೆಯ ವರ್ಷ ಅಡಿಕೆ ಗೊನೆ ಬಿಟ್ಟಿತು. ಹೀರೆ ಬಳ್ಳಿ ಬರೀ ಎಲೆಯಾಗತೊಡಗಿದ್ದೂ ಆ ಹೊತ್ತಿಗೇ. ಬೆಂಡೆ ಉದ್ದಕ್ಕೆ ಬೆಳೆದು ಬಾಗಿತು. ಡೇರೆ ಹೂವನ್ನೇ ಬಿಡಲಿಲ್ಲ. ಬೀಜ ಸರಿಯಿಲ್ಲವೆಂದು ಬೀಜ ಬದಲಿಸಿದೆವು. ಮಣ್ಣಿನ ಸಾರ ಹೋಯಿತೆಂದು ಕೊಟ್ಟಿಗೆ ಗೊಬ್ಬರ ಸುರಿದೆವು. ತಲೆಯೆತ್ತಿ ಮೇಲೆ ನೋಡಿದವರು ಒಬ್ಬರೂ ಇಲ್ಲ.

ಕಾಫಿಯವರಾದ ನಮಗೆ ಇದು ತಿಳಿಯದೇ? ವರ್ಷವರ್ಷವೂ ಆಳಿಟ್ಟು, ಕೂಲಿ ಕೊಟ್ಟು ತೋಟಕ್ಕೆ ಮರಗಸಿ ಮಾಡಿಸುತ್ತೇವೆ. ನೆರಳು ಹೆಚ್ಚಾದರೆ ಕಾಯಿ ಕಟ್ಟುವುದಿಲ್ಲವೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಹಿತ್ತಲ ಬಾಗಿಲು ದಾಟಿದೊಡನೆ ಆ ಬುದ್ಧಿ ಮರೆತುಹೋಗುತ್ತದೆ. ದಿನವೂ ನೋಡುವ ಜಾಗದಲ್ಲಿ ಮೆಲ್ಲಗೆ ಕವಿಯುವ ನೆರಳು ಕಣ್ಣಿಗೆ ಬೀಳುವುದಿಲ್ಲ.

2020ರ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ. ದೇಶಕ್ಕೆಲ್ಲ ಲಾಕ್‌ಡೌನ್ ಆದ ಮೊದಲ ದಿನವೂ ಅದೇ. ಸಂತೆ ನಿಂತಿತು, ತರಕಾರಿ ಗಾಡಿ ಬರಲಿಲ್ಲ. ನಮ್ಮ ಹಿತ್ತಲಲ್ಲಿ 24 ಮರವಿತ್ತು, ಸಾರಿಗೆ ಹಾಕಲು ಹಿಡಿ ಸೊಪ್ಪಿರಲಿಲ್ಲ. ನೆರೆಮನೆಯವರು ಬೇಲಿಯ ಆಚೆಯಿಂದ ತೊಂಡೆಕಾಯಿ ಕೊಟ್ಟರು. ಸೆರಗೊಡ್ಡಿ ತೆಗೆದುಕೊಂಡ ಅಮ್ಮ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

2021ರ ಫೆಬ್ರವರಿಯಲ್ಲಿ, ಕೊನೆಯ ಕೊಯ್ಲು ಮುಗಿದ ಮೇಲೆ, 15 ಮರ ಕಡಿಸಿದೆ. ಪಶ್ಚಿಮದ ಮತ್ತು ಉತ್ತರದ ಅಂಚಿನ ಒಂಬತ್ತನ್ನು ಮಾತ್ರ ಉಳಿಸಿಕೊಂಡೆ. ಫಲ ಕೊಡುವ ಮರ ಕಡಿಯುವುದೇ ಎಂದು ಕೇಳಿದವರು ಹಲವರು. 15 ಮರವೆಂದರೆ ನಮ್ಮ ಲೆಕ್ಕದಲ್ಲಿ ವರ್ಷಕ್ಕೆ ಇಪ್ಪತ್ತೈದು ಮೂವತ್ತು ಕಿಲೋ ಒಣ ಅಡಿಕೆ. ಅದು ಸಣ್ಣ ದುಡ್ಡೆಂದು ನಾನು ಹೇಳುವುದಿಲ್ಲ. ಆದರೆ 2000ದ ನಂತರದ ಒಂದೆರಡು ವರ್ಷ ಕಾಫಿ, ಅಡಿಕೆ ಎರಡರ ಧಾರಣೆಯೂ ನೆಲ ಕಚ್ಚಿದ್ದನ್ನು ಕಂಡವರು ನಾವು. 2022ರಲ್ಲಿ ಎಲೆಚುಕ್ಕಿ ರೋಗ ಮಲೆನಾಡಿನ ತೋಟಗಳಲ್ಲಿ ಹಬ್ಬಿದ್ದನ್ನೂ ನೋಡಿದ್ದೇವೆ. ಇಡೀ ತೋಟವನ್ನೇ ಅಡಿಕೆಗೆ ಒಪ್ಪಿಸಿದ ಮೇಲೆ ಅಡಿಗೆಮನೆಯ ಬಾಗಿಲನ್ನಾದರೂ ಬಿಡಬಾರದೇ?

ಯಾವ ಮರ ಉಳಿಸಬೇಕು, ಎಲ್ಲಿ ಏನು ನೆಡಬೇಕು ಎಂಬುದಕ್ಕೆ ಸೂರ್ಯನ ದಾರಿ ನೋಡಬೇಕು. ಡಿಸೆಂಬರಿನಲ್ಲಿ ನಡುಹಗಲ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ 40 ಅಡಿ ಮರದ ನೆರಳು ಉತ್ತರಕ್ಕೆ 30 ಅಡಿ ಚಾಚುತ್ತದೆ. ಕೊಪ್ಪ, ಶೃಂಗೇರಿಯ ಸೀಮೆಯಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ನೆತ್ತಿಗೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನಲ್ಲಿ ಉತ್ತರಕ್ಕೆ ಸರಿದಿರುತ್ತಾನೆ. ಆಗ ಅದೇ ಮರದ ನೆರಳು ದಕ್ಷಿಣಕ್ಕೆ ಏಳು ಅಡಿ ಮೀರುವುದಿಲ್ಲ. ಆದ್ದರಿಂದ ಎತ್ತರದ ಮರ ಉತ್ತರದ ಅಂಚಿನಲ್ಲಿದ್ದರೆ ಚಳಿಗಾಲದ ನೆರಳು ಬೇಲಿಯಾಚೆ ಬೀಳುತ್ತದೆ. ಪಶ್ಚಿಮದ ಸಾಲು ಮುಂಗಾರಿನ ಗಾಳಿಯನ್ನೂ ಸಂಜೆ ಬಿಸಿಲನ್ನೂ ತಡೆಯುತ್ತದೆ. ಆ ಮರಗಳ ಕಾಂಡಕ್ಕೆ ಬಿಸಿಲು ಹೊಡೆಯದಂತೆ ಸೋಗೆ ಕಟ್ಟಿದರಾಯಿತು. ಹಲಸು, ಮಾವು ನೆಡುವವರೂ ಸಸಿಯ ಗಾತ್ರ ನೋಡದೆ ಇಪ್ಪತ್ತು ವರ್ಷದ ಮರವನ್ನು ಮನಸ್ಸಿಗೆ ತಂದುಕೊಂಡು ಜಾಗ ಗೊತ್ತುಮಾಡಬೇಕು.

ಈಗ ನಾವು ಪ್ರತಿ ವರ್ಷ ಏಪ್ರಿಲಿನಲ್ಲಿ ಒಂದು ದಿನ ಬೆಳಿಗ್ಗೆ ಎಂಟಕ್ಕೆ, ನಡುಹಗಲಿಗೆ, ಸಂಜೆ ನಾಲ್ಕಕ್ಕೆ ಹಿತ್ತಲಲ್ಲಿ ನಿಂತು ಬಿಸಿಲು ಬಿದ್ದ ಜಾಗಕ್ಕೆ ಗೂಟ ಹೊಡೆಯುತ್ತೇವೆ. ಮೂರು ಹೊತ್ತೂ ಬಿಸಿಲಿದ್ದಲ್ಲಿ ಹೀರೆ, ಪಡುವಲ, ಹಾಗಲ, ಬೆಂಡೆ. ಒಂದೆರಡು ಹೊತ್ತು ಮಾತ್ರ ಇದ್ದಲ್ಲಿ ಶುಂಠಿ, ಅರಿಶಿನ, ಸುವರ್ಣಗಡ್ಡೆ. ಬಚ್ಚಲ ನೀರು ಹರಿಯುವ ತಂಪಿಗೆ ಕೆಸು, ಒಂದೆಲಗ. ಭರಣಿ ಮಳೆ ಬಿದ್ದೊಡನೆ ಶುಂಠಿಗೆ ಗೇಣೆತ್ತರದ ಮಡಿ ಕಟ್ಟಿ, ನಡುವೆ ಬಸಿಗಾಲುವೆ ತೆಗೆಯಬೇಕು. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಸುವರ್ಣಗಡ್ಡೆಯನ್ನು ಪ್ರತಿ ಹೋಳಿಗೂ ಕಣ್ಣು ಬರುವಂತೆ ಅರ್ಧ ಕಿಲೋ ತೂಕಕ್ಕೆ ಕೊಯ್ದು, ಸಗಣಿ ನೀರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ ಮೂರಡಿಗೊಂದರಂತೆ ನೆಟ್ಟು ದರಗು ಮುಚ್ಚಬೇಕು. ಎಂಟೊಂಬತ್ತು ತಿಂಗಳಿಗೆ ಎಲೆ ಹಳದಿಯಾಗಿ ಗಿಡ ಮಲಗಿದಾಗ ಕಿತ್ತರಾಯಿತು. ಯಾವುದನ್ನು ಎಲ್ಲಿ ನೆಟ್ಟೆವು, ಏನು ಬಂತು ಎಂಬುದನ್ನು ಕೊಯ್ಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡುತ್ತೇವೆ. ಮರಗಳು ಬೆಳೆಯುತ್ತಲೇ ಇರುವುದರಿಂದ ಹೋದ ವರ್ಷದ ಗೂಟ ಈ ವರ್ಷಕ್ಕೆ ಸಲ್ಲುವುದಿಲ್ಲ.

ಅಮ್ಮನಿಗೆ ಈಗ ಬಗ್ಗಿ ಕೆಲಸ ಮಾಡಲಾಗುವುದಿಲ್ಲ. ಹಿಂದಿನ ಜಗಲಿಯಲ್ಲಿ ಕುಳಿತು ಗೂಟ ಎಲ್ಲಿ ಹೊಡೆಯಬೇಕೆಂದು ಹೇಳುತ್ತಾರೆ, ನಾನು ಹೊಡೆಯುತ್ತೇನೆ. ಡೇರೆ ಮತ್ತೆ ಹೂ ಬಿಟ್ಟಿದೆ.

ಈ ಮುಂಗಾರಿಗೆ ತೋಟಕ್ಕೆ ನೆಟ್ಟು ಮಿಕ್ಕ ಸಸಿ ಕೈಯಲ್ಲಿ ಹಿಡಿದು ಹಿತ್ತಲ ಕಡೆ ಹೆಜ್ಜೆ ಹಾಕುವ ಮೊದಲು, ಮನೆಯಲ್ಲಿ ಅಡಿಗೆ ಮಾಡುವವರನ್ನು ಒಂದು ಮಾತು ಕೇಳಿ. ಇದಕ್ಕೆ ಬೇರೆ ಅಭಿಪ್ರಾಯವಿರುವ ಸದಸ್ಯರು ದಯವಿಟ್ಟು ಈ ಪುಟಕ್ಕೇ ಬರೆದು ತಿಳಿಸಬೇಕು.

— ಓರ್ವ ಸದಸ್ಯ