ಮೊಗವೊಂದು, ಒಡಲೊಂದು



ಕಳೆದ ಶ್ರಾವಣದಲ್ಲಿ ನಮಗೆ ಪರಿಚಿತವಾದ ಮನೆತನದ ತರುಣನೊಬ್ಬನು ಬಂದು ಒಂದು ಕೈಗಡಿಯಾರವನ್ನು ನಮ್ಮ ಮುಂದಿರಿಸಿದನು. ಆತನ ತಂದೆ ಈಗ ಲಿಂಗೈಕ್ಯರು. ತಮ್ಮ ಮದುವೆಯಲ್ಲಿ ಉಡುಗೊರೆಯಾಗಿ ಬಂದಿದ್ದ ಎಚ್.ಎಂ.ಟಿ. ಆಟೊಮ್ಯಾಟಿಕ್ ಗಡಿಯಾರವನ್ನು ಅವರು ಮಗಳ ಓದಿನ ವೆಚ್ಚಕ್ಕಾಗಿ ಮಾರಿದ್ದರು. ಅಂಥದೇ ಒಂದನ್ನು ಕೊಂಡು ತಾಯಿಯ ಕೈಯಲ್ಲಿಡಬೇಕೆಂಬುದು ಮಗನ ಹಂಬಲ. ಹಳೆಯ ವಸ್ತುಗಳ ವ್ಯಾಪಾರಿಯೊಬ್ಬನಲ್ಲಿ ಥಳಥಳಿಸುವ ಡಯಲಿನ ಗಡಿಯಾರವನ್ನು ಕೊಂಡನು. ರಿಪೇರಿಯವರು ಹಿಂಬದಿಯ ಮುಚ್ಚಳ ತೆಗೆದಾಗ ಒಳಗಿದ್ದುದು ನಿತ್ಯ ಕೀಲಿ ಕೊಡಬೇಕಾದ ಯಂತ್ರ! ಡಯಲಿನ ಮೇಲಿನ ‘ಆಟೊಮ್ಯಾಟಿಕ್’ ಎಂಬ ಅಕ್ಷರಗಳು ಹೊಸ ಬಣ್ಣದ ಬರಹ ಮಾತ್ರ.

“ಗುರುಗಳೆ, ಕೊಂಡ ಬೆಲೆಗೇ ಇದನ್ನು ಇನ್ನೊಬ್ಬರಿಗೆ ದಾಟಿಸಲೆ? ನನಗೆ ಹೇಳಿದ್ದನ್ನೇ ನಾನೂ ಹೇಳಿದರಾಯಿತು” ಎಂದನು.

ಉತ್ತರಕ್ಕೆ ಮೊದಲು, ಓದುಗರು ಮೋಸ ಹೋಗದಿರಲೆಂದು ಕೆಲವು ಮಾತು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆ 1961ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಆರಂಭವಾಯಿತು. 2016ರಲ್ಲಿ ಕೇಂದ್ರ ಸರಕಾರವು ಗಡಿಯಾರ ಘಟಕಗಳನ್ನು ಮುಚ್ಚಲು ತೀರ್ಮಾನಿಸಿದ ಬಳಿಕ ಹಳೆಯವುಗಳಿಗೆ ಬೇಡಿಕೆ ಹೆಚ್ಚಿತು. ಬೇಡಿಕೆಯೊಡನೆ ಕಲಬೆರಕೆಯೂ ಬಂದಿತು.

ಆಟೊಮ್ಯಾಟಿಕ್ ಗಡಿಯಾರದ ಒಳಗೆ ರೋಟರ್ ಎಂಬ ಅರ್ಧಚಂದ್ರಾಕಾರದ ಲೋಹದ ತುಂಡು ಇರುತ್ತದೆ. ಕೈ ಆಡಿದಂತೆ ಅದು ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ. ಮೆಲ್ಲನೆ ಅಲುಗಿಸಿ ಕಿವಿಯ ಬಳಿ ಹಿಡಿದರೆ ಅದು ಸುತ್ತುವ ಸದ್ದು ಕೇಳಿಸುವುದುಂಟು. ಆದರೂ ಮುಚ್ಚಳ ತೆಗೆಸಿ ಕಣ್ಣಾರೆ ನೋಡುವುದೇ ಖಚಿತವಾದ ಪರೀಕ್ಷೆ. ಸವೆತ ತಡೆಯಲು ಒಳಗೆ ಕೂರಿಸುವ ಕೆಂಪು ಹರಳುಗಳಿಗೆ ಜ್ಯುವೆಲ್ ಎನ್ನುವರು. ಜನತಾ, ಪೈಲಟ್ ಮೊದಲಾದ ಕೀಲಿಯ ಗಡಿಯಾರಗಳಲ್ಲಿ ಇವು 17. ಆಟೊಮ್ಯಾಟಿಕ್‌ಗಳಲ್ಲಿ ಸಾಮಾನ್ಯವಾಗಿ 21. ಡಯಲಿನ ಬರಹ ಒಂದು ಹೇಳಿ ಯಂತ್ರ ಇನ್ನೊಂದು ಹೇಳಿದರೆ ಯಂತ್ರವನ್ನೇ ನಂಬಬೇಕು. ಹಳೆಯ ಕವಚದೊಳಗೆ ಡಯಲು ಮಾತ್ರ ಹೊಚ್ಚಹೊಸದಾಗಿ ಹೊಳೆಯುತ್ತಿದ್ದರೆ, ಅಕ್ಷರಗಳು ದಪ್ಪವಾಗಿಯೋ ಓರೆಯಾಗಿಯೋ ಇದ್ದರೆ ಸಂಶಯಪಡಬೇಕು. ಕಾಲದಿಂದ ಮಾಸಿದ ಡಯಲು ದೋಷವಲ್ಲ; ಅದು ಹಲವು ವೇಳೆ ಸಾಚಾತನದ ಗುರುತು.

ಇನ್ನು ತರುಣನ ಪ್ರಶ್ನೆ. “ತಮ್ಮಾ, ನೀನು ಕೊಂಡಾಗ ನಿನಗೆ ತಿಳಿದಿರಲಿಲ್ಲ, ಆದುದರಿಂದ ನೀನು ಮೋಸ ಹೋದವನು. ಈಗ ತಿಳಿದಿದೆ. ಅದೇ ಮಾತನ್ನು ನೀನು ಹೇಳಿದರೆ ಮೋಸ ಮಾಡಿದವನಾಗುವೆ. ಹೊರಗೊಂದು ಒಳಗೊಂದು ಇರುವುದು ಈ ಗಡಿಯಾರಕ್ಕೇ ಸಾಕು, ನಿನಗೆ ಬೇಡ” ಎಂದೆವು. ಆತನು ತಲೆತಗ್ಗಿಸಿ ಹೊರಟುಹೋದನು.

ತಿಂಗಳ ಬಳಿಕ ತಿಳಿಯಿತು: ‘ಕೀಲಿಯ ಗಡಿಯಾರ, ಡಯಲಿಗೆ ಹೊಸ ಬಣ್ಣ’ ಎಂದು ಚೀಟಿ ಬರೆದುಕೊಟ್ಟು ಅರ್ಧ ಬೆಲೆಗೆ ಮಾರಿದನಂತೆ. ತಾಯಿಗೆ ಗಡಿಯಾರ ಇನ್ನೂ ದೊರೆತಿಲ್ಲ. ಆದರೆ ಮಗಳ ಓದಿಗಾಗಿ ತನ್ನ ಪ್ರೀತಿಯ ವಸ್ತುವನ್ನು ಬಿಟ್ಟುಕೊಟ್ಟ ತಂದೆಯ ನಡೆಯನ್ನು ಆಕೆ ಮಗನಲ್ಲಿ ಕಂಡಿರಬೇಕು.